ಬಾಡಿಗೆ ಮನೆಯ ಗುಣಿ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಅವ್ವ ಊರಿಗೆಲ್ಲ ಹೇಳಿಟ್ಟಿದ್ದಾಳೆ. ಇರಲಿ. ಮೊಳಕಾಲ್ಮೂರಿನಿಂದ ಅವಳು ಫೋನು ಮಾಡಿ, "ಮನೆ ಖಾಲಿ ಮಾಡ್ಬೇಕಂತೆ ಕಣೇ" ಎಂದಾಗ ಸಿಟ್ಟು ಬರದೆ ಇನ್ನೇನು ಬರಬೇಕಿತ್ತು? ಅದನ್ನು ಹೇಳಿದ ಧಾಟಿಯೋ, ಸಂತೆಯಲ್ಲಿ ಒಳ್ಳೆ ಬದನೆಕಾಯಿ ಸಿಗಲಿಲ್ಲ ಅನ್ನುವ ಹಾಗಿತ್ತು.

"ಯಾರ್ ಹೇಳಿದ್ದು?" ಎಂದೆ.

"ಮನೆ ಮಾಲೀಕ್ರ ಮಗ. ಬಾಗ್ಲಾಗೇ ನಿಂತ್ಕಂಡು ಹೇಳಿ ಹೋದ. ಕೆಡವಿ ಹೊಸ್ದು ಕಟ್ಟಿಸ್ತಾನಂತೆ. ತಿಂಗ್ಳೊಳಗೆ ಬಿಡ್ಬೇಕಂತೆ."

"ನೀನೇನಂದೆ?"

"ಒಳಗ್ ಬಾರಪ್ಪ, ಕಾಫಿ ಕುಡಿದು ಹೋಗು ಅಂದೆ."

ಹಣೆ ಚಚ್ಚಿಕೊಳ್ಳುವುದೊಂದು ಬಾಕಿ. ನಾನು ಚಳ್ಳಕೆರೆಯಲ್ಲಿ ಕೋರ್ಟಿಗೆ ಹತ್ತಿರದ ಒಂದು ಜೆರಾಕ್ಸ್ ಅಂಗಡಿಯಲ್ಲಿ ಟೈಪಿಂಗ್ ಕೆಲಸ ಮಾಡುವವಳು. ಬಾಡಿಗೆ ಕರಾರು ಪತ್ರಗಳನ್ನು ಎಷ್ಟು ಟೈಪ್ ಮಾಡಿದ್ದೇನೆಂದರೆ, ಹನ್ನೊಂದು ತಿಂಗಳ ಅವಧಿಯಿಂದ ಹಿಡಿದು ಸುಣ್ಣಬಣ್ಣದ ಖರ್ಚು ಯಾರದು ಅನ್ನುವವರೆಗೆ ಕಣ್ಣು ಮುಚ್ಚಿಕೊಂಡು ಹೇಳಬಲ್ಲೆ. ನಾನಿರುವ ಬಾಡಿಗೆ ಮನೆಯ ಕರಾರನ್ನೂ ನಾನೇ ಟೈಪ್ ಮಾಡಿದ್ದು. ಗೋಡೆಗೆ ಮೊಳೆ ಹೊಡೆಯಬಾರದು ಎಂಬ ಷರತ್ತನ್ನು ನಮ್ಮ ಮಾಲೀಕರು ನನ್ನ ಪಕ್ಕದಲ್ಲಿ ನಿಂತು ಸೇರಿಸಿದರು. ಹಾಗಾಗಿ ನಮ್ಮ ಮನೆಯ ಕ್ಯಾಲೆಂಡರು ಫ್ರಿಜ್ಜಿಗೆ ಒರಗಿಕೊಂಡು ಕೂತಿರುತ್ತದೆ, ಬಾಗಿಲು ತೆಗೆದಾಗಲೆಲ್ಲ ಬೀಳುತ್ತದೆ.

ಅವ್ವನ ಮನೆಗೆ ಇಂಥ ಕಾಗದ ಪತ್ರ ಏನೂ ಇರಲಿಲ್ಲ. ನಾನು ಚಿಕ್ಕವಳಿದ್ದಾಗ ಅಪ್ಪ ಮನೆ ಕೇಳಲು ಹೋದರೆ, ಈಗ ಬಂದು ಬಾಗಿಲಲ್ಲಿ ನಿಂತವನ ತಂದೆ ನಡುಮನೆಯ ಮಣ್ಣಿನ ನೆಲ ತೋರಿಸಿ, "ಎಲ್ಲಿ ಬೇಕೋ ಅಲ್ಲಿ ತೋಡ್ಕಳಪ್ಪ" ಅಂದಿದ್ದರಂತೆ. ಅಷ್ಟೇ ಕರಾರು. ಅಪ್ಪ ಗುಣಿ ತೋಡಿ ಮಗ್ಗ ಹೂಡಿದ. ನಮ್ಮ ಮನೆಯಲ್ಲಿ ರೇಷ್ಮೆ ಸೀರೆ ನೇಯುತ್ತಿದ್ದದ್ದು ಅದರಲ್ಲೇ. ನೇಯುವವರು ನೆಲದ ಮಟ್ಟಕ್ಕೆ ಕೂತು, ಕಾಲುಗಳನ್ನು ಗುಣಿಯೊಳಗೆ ಇಳಿಬಿಟ್ಟು, ಕೆಳಗಿನ ಹಲಗೆಗಳನ್ನು ಒಂದಾದ ಮೇಲೊಂದು ತುಳಿಯುತ್ತಾರೆ. ಅಪ್ಪ ತೀರಿಕೊಂಡ ಮೇಲೆ ಆ ಜಾಗದಲ್ಲಿ ಅವ್ವ ಕೂತಳು. ಚಳ್ಳಕೆರೆಗೆ ಬಂದು ನನ್ನ ಜೊತೆ ಇರು ಅಂದರೆ, "ಬಂದು ಏನ್ ಮಾಡ್ಲಿ, ನಿನ್ ಮಾರೆ ನೋಡ್ಕಂತ ಕುತ್ಕಳ್ಳಾ?" ಎಂದು ನನ್ನ ಬಾಯಿ ಮುಚ್ಚಿಸುತ್ತಿದ್ದಳು.

ಈ ಮನೆ ಹೋದರೆ ಇನ್ನೊಂದು ಸಿಗಬಹುದು. ಆದರೆ ನೆಲ ತೋಡಲು ಬಿಡುವ ಪುಣ್ಯಾತ್ಮ ಈ ಕಾಲದಲ್ಲಿ ಎಲ್ಲಿದ್ದಾನೆ? ಗುಣಿ ಇಲ್ಲದಿದ್ದರೆ ಅವ್ವನಿಗೆ ಮಗ್ಗವಿಲ್ಲ. ಫೋನಿಟ್ಟ ಮೇಲೆ ನನಗೆ ಹೊಳೆದದ್ದು ಅದೇ. ಆವತ್ತು ಟೈಪ್ ಮಾಡಿದ ಕರಾರಿನಲ್ಲಿ ಮಾಲೀಕರ ಹೆಸರಿನ ಜಾಗಕ್ಕೆ ಬಾಡಿಗೆದಾರರ ಹೆಸರು ಹಾಕಿ ಬೈಸಿಕೊಂಡೆ.

ಮೊದಲು ಕಿವಿ ಕೊಟ್ಟದ್ದು ರಾಯದುರ್ಗದ ಚಿಕ್ಕವ್ವನ ಮಾತಿಗೆ. ಅವಳು ಗಡಿಯಾಚೆ ಆಂಧ್ರದಲ್ಲಿ ಬಾಡಿಗೆ ಮನೆಯಲ್ಲಿದ್ದಾಳೆ, ಮಾಲೀಕನ ಮೇಲೆ ಒಂದು ಕೇಸೂ ನಡೆಸಿದ್ದಾಳೆ, ಅದು ಮೊಳಕಾಲ್ಮೂರಿಗೆಲ್ಲ ಗೊತ್ತು. "ಮೇಮು ಖಾಳೀ ಚೆಯ್ಯಂ ಅನಿ ಚೆಪ್ಪು" ಅಂದಳು ಫೋನಿನಲ್ಲೇ, ನಾವು ಖಾಲಿ ಮಾಡಲ್ಲ ಅಂತ ಹೇಳು ಅಂತ. "ಇಷ್ಟು ವರ್ಷ ಇದ್ದೋರ್ನ ಯಾವನ್ ಬಿಡಿಸ್ತಾನೆ? ನನ್ನ ಬಿಡ್ಸಾಕಾತಾ? ಬರೀ ಬಾಡಿಗೆ ಕಟ್ಕಂತ ಹೋಗು, ಅವ್ನು ಕೋರ್ಟು ಸುತ್ತಿ ಸುತ್ತಿ ಸಾಕಾಗಿ ಬಿಡ್ತಾನೆ." ಕೇಳಿ ನನಗೆ ರೆಕ್ಕೆ ಬಂದಂತಾಯಿತು.

ಆ ಭಾನುವಾರವೇ ಬಸ್ಸು ಹತ್ತಿದೆ. ತಳಕು ದಾಟಿ, ಹಾನಗಲ್ಲಿನಲ್ಲಿ ತಿರುಗಿ, ಮೊಳಕಾಲ್ಮೂರು ಮುಟ್ಟುವವರೆಗೂ ಹೇಳಬೇಕಾದ ಮಾತನ್ನು ಒಳಗೊಳಗೇ ಹೇಳಿಕೊಂಡೆ. ಮನೆಗೂ ಹೋಗದೆ ನೇರ ಆ ಮಾಲೀಕರ ಮಗ ನಡೆಸುವ ಮೊಬೈಲ್ ಅಂಗಡಿಗೆ ನುಗ್ಗಿ, ಕಾನೂನು ನಮ್ಮ ಕಡೆ ಐತೆ, ತಾಕತ್ತಿದ್ರೆ ಬಿಡಿಸು ನೋಡಾಣ ಅಂದುಬಿಟ್ಟೆ. ಗಿರಾಕಿಗಳು ತಿರುಗಿ ನೋಡಿದರು. ಅವನಿಗೆ ಸಿಟ್ಟೇ ಬರಲಿಲ್ಲ, ಅದು ನನ್ನನ್ನು ಇನ್ನೂ ಕೆಣಕಿತು.

"ಅಕ್ಕಾ, ಯಾವ ಕಾನೂನು ಹೇಳ್ತಿದೀಯಾ? ನಿಮ್ ಚಿಕ್ಕವ್ವಂದಾ? ಅದು ರಾಯದುರ್ಗದ್ದು. ಅವ್ರ ರಾಜ್ಯ ಬೇರೆ, ಅವ್ರ ಬಾಡಿಗೆ ಕಾಯ್ದೆ ಬೇರೆ. ಇಲ್ಲಿಗೂ ಅದಕ್ಕೂ ಏನ್ ಸಂಬಂಧ?"

ದಿನಬೆಳಗಾದರೆ ಕರಾರು ಟೈಪ್ ಮಾಡುವ ನನಗೆ ಇದು ಹೊಳೆಯಬಾರದಿತ್ತೇ? ನಾಲಿಗೆ ಕಚ್ಚಿಕೊಂಡು ಹೊರಗೆ ಬಂದೆ. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಭಯವಾಯಿತು. ಅವ್ವನಿಗೂ ಮುಖ ತೋರಿಸದೆ ವಾಪಸು ಬಸ್ಸು ಹತ್ತಿದೆ.

ಮಾರನೆಯ ದಿನ ಅಂಗಡಿಗೆ ಟೈಪಿಂಗಿಗೆ ಬರುವ ಒಬ್ಬ ವಕೀಲರ ಬೆನ್ನು ಹತ್ತಿದೆ. ವಯಸ್ಸಾದವರು, ನಿಧಾನ. ಅವರ ನಿಧಾನಕ್ಕೆ ನನ್ನ ಜೀವ ಕುತ್ತಿಗೆಗೆ ಬಂತು.

"ನೋಡಮ್ಮ, ಬಾಡಿಗೆ ಕಾಯ್ದೆ ಅಂತ ನಮ್ಮ ರಾಜ್ಯದ್ದೂ ಒಂದೈತೆ. ಆದ್ರೆ ಅದು ಎಲ್ಲಾ ಊರಿಗೂ ಅನ್ವಯ ಆಗಲ್ಲ, ಪಟ್ಟಿಯಲ್ಲಿರೋ ಊರಿಗೆ ಮಾತ್ರ. ನಂಗೆ ತಿಳಿದಂಗೆ ನಿಮ್ಮ ಮೊಳಕಾಲ್ಮೂರಿಗೆ ಅದು ಬರಲ್ಲ. ಬರದೇ ಇದ್ರೆ ಹಳೇ ಆಸ್ತಿ ವರ್ಗಾವಣೆ ಕಾಯ್ದೆ. ಅದ್ರ ಪ್ರಕಾರ ವಾಸದ ಮನೆಗೆ ಹದಿನೈದು ದಿನದ ನೋಟೀಸು ಸಾಕು."

"ಅಂದ್ರೆ ಅವ್ನು ತಿಂಗ್ಳು ಕೊಟ್ಟಿದ್ದೇ ಉಪಕಾರ ಅಂತೀರಾ ಸಾರ್?"

"ತಡಿಯಮ್ಮ, ಮುಗಿಸ್ತೀನಿ. ಏನಾದ್ರೂ ತಯಾರು ಮಾಡೋಕೆ ಅಂತ ಕೊಟ್ಟ ಜಾಗ ಆದ್ರೆ ಆರು ತಿಂಗಳ ನೋಟೀಸು. ನಿಮ್ಮವ್ವ ಅಲ್ಲಿ ಸೀರೆ ನೇಯ್ತಾರಲ್ಲ. ಮನೆ ಕೊಟ್ಟೋರೇ ಗುಣಿ ತೋಡು ಅಂದಿದಾರಲ್ಲ. ಗೆದ್ದೇ ಗೆಲ್ತೀವಿ ಅನ್ನಲ್ಲ, ಬರವಣಿಗೆಯಲ್ಲಿ ಏನೂ ಇಲ್ಲ. ಆದ್ರೆ ವಾದ ಮಾಡ್ಬೋದು. ಕೋರ್ಟಿನ ಆದೇಶ ಇಲ್ದೆ ಸಾಮಾನು ಹೊರಗೆ ಹಾಕೋ ಹಂಗೂ ಇಲ್ಲ. ಒಟ್ನಲ್ಲಿ ಆ ಗುಣಿ ಮಗ್ಗ ಇದ್ದಂಗೇ ಇರ್ಬೇಕು. ನೋಡಿದೋರಿಗೆ ಅದು ನೇಯೋ ಜಾಗ ಅಂತ ಕಾಣ್ಬೇಕು."

ಆರು ತಿಂಗಳು! ಅಷ್ಟರಲ್ಲಿ ಎಲ್ಲಾದರೂ ಒಂದು ಮಣ್ಣಿನ ನೆಲ ಹುಡುಕಬಹುದು. ಆಗಲೇ ಫೋನು ಮಾಡಬೇಕಿತ್ತೇನೋ. ಆದರೆ ಫೋನಿನಲ್ಲಿ ಕೋರ್ಟು ಅಂದರೆ ಅವ್ವ ಅನ್ನ ನೀರು ಬಿಟ್ಟು ಕೂತುಬಿಡುತ್ತಾಳೆ, ಅವಳ ಸ್ವಭಾವ ಗೊತ್ತಿದ್ದದ್ದೇ. ಎದುರಿಗೆ ಕೂತು ಸಮಾಧಾನವಾಗಿ ಹೇಳೋಣ ಅಂದುಕೊಂಡೆ. ರಜೆ ಸಿಕ್ಕಿದ್ದು ಮತ್ತೆ ಭಾನುವಾರಕ್ಕೆ.

ಬೆಳಿಗ್ಗೆಯೇ ಹೋದವಳು, ಮೊದಲು ಊರಲ್ಲೇ ಮನೆ ಹುಡುಕುತ್ತ ತಿರುಗಿದೆ. ಒಬ್ಬರು, "ಮಗ್ಗನಾ? ಟೈಲ್ಸ್ ಹಾಕ್ಸಿ ಇನ್ನಾ ವರ್ಷ ಆಗಿಲ್ಲಮ್ಮ" ಅಂದರು. ಇನ್ನೊಬ್ಬಾಕೆ, "ಗುಣಿ ತೋಡಾಕೆ ಮನೆ ಕೊಡ್ತಾರೇನ್ರಿ?" ಎಂದು ನಕ್ಕೇಬಿಟ್ಟಳು. ನೆಲದ ಮೇಲೇ ನಿಲ್ಲಿಸುವ ಎತ್ತರದ ಮಗ್ಗವೂ ಬಂದಿದೆ. ಅವ್ವ ಅದನ್ನೂ ಪಕ್ಕದ ಬೀದಿಯಲ್ಲಿ ಹತ್ತಿ ನೋಡಿದ್ದಳು. ಹತ್ತಿ ಇಳಿಯಲು ಮೊಣಕಾಲು ಕೇಳುವುದಿಲ್ಲ, "ಗೋಡೆ ಮೇಲೆ ಕುತ್ಕಂಡು ಉಂಡಂಗಾತತೆ" ಎಂದು ಇಳಿದು ಬಂದಿದ್ದಳು. ಬಿಸಿಲಲ್ಲಿ ತಿರುಗಿ ತಿರುಗಿ ನನ್ನ ತಲೆ ಕೆಟ್ಟುಹೋಗಿತ್ತು. ಆದರೂ ಆರು ತಿಂಗಳಿದೆಯಲ್ಲ ಎನ್ನುವ ಧೈರ್ಯದಲ್ಲಿ ಅವ್ವನ ಮನೆಗೆ ಬಂದೆ.

ಬಾಗಿಲಲ್ಲೇ ಸಗಣಿಯ ವಾಸನೆ. ಒಳಗೆ ನಡುಮನೆ ದೊಡ್ಡದಾಗಿ ಕಂಡಿತು. ಮಗ್ಗದ ಮರಗಳೆಲ್ಲ ಬಿಚ್ಚಿ ಹಗ್ಗ ಕಟ್ಟಿ ಮೂಲೆಗೆ ಒರಗಿದ್ದವು. ಗುಣಿ ಇದ್ದ ಕಡೆ ಹಸಿ ಮಣ್ಣು, ಅದರ ಮೇಲೆ ಸಾರಿಸಿದ ನೆಲ, ನಡುವೆ ಚಿಟಿಕೆ ಅರಿಶಿನ ಕುಂಕುಮ. ಅವ್ವ ಕೈ ತೊಳೆದುಕೊಳ್ಳುತ್ತಿದ್ದಳು.

"ಏನ್ ಮಾಡಿದೆ ನೀನು?"

"ಮಗ್ಗದಾಗಿನ ಹಾಸು ನೂಲು ಮುಗಿದಿತ್ತು. ಸೀರೆ ಕೊಯ್ದು ಕೊಟ್ಟು ಬಂದೆ. ಇನ್ನೊಂದ್ ಹಾಸು ಹೂಡಿದ್ರೆ ಅರ್ಧಕ್ಕೆ ಬಿಚ್ಬೇಕಲ್ಲ, ಅದ್ಕೆ ಮುಚ್ಚಿದೆ."

"ಯಾರೇ ನಿಂಗೆ ಮುಚ್ಚು ಅಂದಿದ್ದು? ಅದೊಂದೇ ಕಣವ್ವ ನಮ್ ಕೈಯಾಗಿದ್ದಿದ್ದು!" ಎಂದು ಕಿರುಚಿದೆ. ವಕೀಲರು ಹೇಳಿದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡಳು.

"ತೆರೆದ ಗುಣಿ ಬಿಟ್ಟು ಇನ್ನೊಬ್ರ ಮನೆಯಿಂದ ಎದ್ದು ಹೋಗ್ತಾರೇನೇ? ಮುಂದೆ ಆ ನೆಲ ತುಳಿಯೋರಿಗೆ ಒಳ್ಳೇದಾಗ್ಬೇಕಾ ಬ್ಯಾಡ್ವಾ? ನಿಮ್ಮಪ್ಪ ಹಳೇ ಮನೆ ಬಿಡುವಾಗ್ಲೂ ಮುಚ್ಚೇ ಬಂದಿದ್ದ." ಅಷ್ಟು ಹೇಳಿ ಒಲೆ ಹಚ್ಚಲು ಹೋದಳು. ನೇಯುವವರ ಮನೆಯ ಮರ್ಯಾದೆ ಅದು, ನನಗೂ ಗೊತ್ತಿತ್ತು, ಆ ಗಲಾಟೆಯಲ್ಲಿ ನೆನಪೇ ಆಗಿರಲಿಲ್ಲ. ಅತ್ತುಬಿಟ್ಟೆ. ಸಿಟ್ಟಿಗೋ ಸಂಕಟಕ್ಕೋ, ಎರಡೂ ಇತ್ತು.

ಅಷ್ಟರಲ್ಲಿ ಮನೆಯವರ ಮಗ ಬಂದ. ಹಿಂದಿನ ವಾರದ ಜಗಳದ ಉಳಿಕೆ ಇಟ್ಟುಕೊಂಡು ಬಂದಿದ್ದನೋ ಏನೋ, ಒಳಗೆ ಕಾಲಿಟ್ಟವನು ಆ ನೆಲ ನೋಡಿ ನಿಂತುಬಿಟ್ಟ.

"ಅಮ್ಮಾ, ಮುಚ್ಚೇ ಬಿಟ್ರಾ?" ಅಂದ. ಆಮೇಲೆ ನನ್ನ ಕಡೆ ನೋಡದೆ, "ನಾನೂ ವಕೀಲರ ಹತ್ರ ಹೋಗಿದ್ದೆ. ಗುಣಿ ಇರೋವರ್ಗೂ ನಿಮ್ಮನ್ನ ಬಿಡ್ಸೋದು ಕಷ್ಟ ಆಗ್ಬೋದು ಅಂದಿದ್ರು" ಅಂದ.

"ಹಂಗಂದ್ರಾ?" ಅಂದಳು ಅವ್ವ. "ಕುತ್ಕ, ಕಾಫಿ ಆತು."

ಅವನು ಕೂತ. ಲೋಟ ಕೈಯಲ್ಲೇ ಹಿಡಿದುಕೊಂಡು, "ಹೊಸ ಮನೆ ಹಿಂದ್ಗಡೆ ಒಂದು ಕೋಣೆ ಬರ್ತತೆ. ಅದಕ್ಕೆ ಟೈಲ್ಸ್ ಹಾಕ್ಸಲ್ಲ, ಮಣ್ಣಿನ ನೆಲಾನೇ ಬಿಡ್ತೀನಿ. ಮನೆ ಆದ್ಮೇಲೆ ನೀವೇ ಬಂದು ತೋಡ್ಕಳ್ಳಿ" ಅಂದ. ಆ ಗಳಿಗೆಗೆ ಅವನು ಮನಸ್ಸಿಟ್ಟೇ ಹೇಳಿದ ಎಂದು ಇವತ್ತಿಗೂ ನಂಬುತ್ತೇನೆ. ಆದರೂ ನಾನು ಸುಮ್ಮನಿರುವವಳೇ? ಛಾಪಾ ಕಾಗದದ ಮೇಲೆ ಬರಿ, ನಾಳೆಯೇ ಟೈಪ್ ಮಾಡಿ ತರ್ತೀನಿ ಅಂದೆ. ಅವ್ವ ನನ್ನನ್ನು ದುರುಗುಟ್ಟಿ ನೋಡಿದಳು.

"ಬಾಯ್ಮುಚ್ಚೇ. ಅವ್ರಪ್ಪ ಬರ್ಕೊಟ್ಟಿದ್ನಾ?"

ಅವ್ವ ಚಳ್ಳಕೆರೆಗೆ ಬಂದಳು. ಮಗ್ಗದ ಮರಗಳನ್ನು ಗೂಡ್ಸ್ ಆಟೋದಲ್ಲಿ ತಂದು ಮಂಚದ ಕೆಳಗೆ ತುರುಕಿದೆವು, ಹಿಡಿಸದವು ಬಾಗಿಲ ಹಿಂದೆ ನಿಂತವು. ಅವಳಿಗೆ ಒಂದು ಕಡೆ ಕೂರಲು ಆಗುವುದಿಲ್ಲ. ತೊಳೆದ ಪಾತ್ರೆಯನ್ನೇ ತೊಳೆಯುತ್ತಾಳೆ, ಬಾಗಿಲಿಗೆ ಹೋಗಿ ಬೀದಿ ನೋಡಿ ಬರುತ್ತಾಳೆ, ಸೀರೆ ಉಟ್ಟ ಹೆಂಗಸು ಹೋದರೆ ಅಂಚು ಕಾಣುವವರೆಗೂ ಕತ್ತು ಹೊರಳಿಸುತ್ತಾಳೆ. ಟಿವಿ ಹಾಕಿದರೆ ಅದರ ಕಡೆ ತಿರುಗಿ ಕೂರುತ್ತಾಳೆ, ಮಂಚದಿಂದ ಇಳಿಬಿಟ್ಟ ಪಾದಗಳು ಮಾತ್ರ ಎಡ, ಬಲ ಎಂದು ಟೈಲ್ಸಿನ ನೆಲವನ್ನು ತುಳಿಯುತ್ತಿರುತ್ತವೆ. ನಾನು ನೋಡಿದ್ದು ಗೊತ್ತಾದರೆ ಕಾಲು ಮಡಚಿಕೊಳ್ಳುತ್ತಾಳೆ. ಅವಳನ್ನು ನೋಡಿ ನೋಡಿ ನನಗೂ ನಿದ್ದೆ ಹತ್ತದು. ತಿಂಗಳಿಗೊಮ್ಮೆ, "ಹೋಗಿ ನೋಡ್ಕಂಡ್ ಬಾ, ಎಲ್ಲಿಗ್ ಬಂತು ಅಂತ" ಎಂದು ಅಟ್ಟುತ್ತಾಳೆ. ಪಾಯ ಆಯಿತು, ಗೋಡೆ ಎದ್ದಿತು, ಆರ್‌ಸಿಸಿ ಬಿತ್ತು ಎಂದು ನಾನು ಬಂದು ವರದಿ ಒಪ್ಪಿಸುತ್ತಿದ್ದೆ. ಆವತ್ತೆಲ್ಲ ಅವಳು ಒಂದು ತುತ್ತು ಹೆಚ್ಚು ಉಣ್ಣುತ್ತಿದ್ದಳು.

ಕಳೆದ ವಾರ ಹೋದಾಗ ಒಳಗೆ ಕಲ್ಲು ಕೊಯ್ಯುವ ಮಿಷನ್ನಿನ ಸದ್ದು. ದೂಳಿನಲ್ಲೇ ಹಿಂದಿನ ಕೋಣೆಗೆ ಹೋದೆ. ಅಲ್ಲಿ ಇಬ್ಬರು ಮಂಡಿಯೂರಿ ಕೂತು ಟೈಲ್ಸ್ ಕೂರಿಸುತ್ತಿದ್ದರು, ಮುಕ್ಕಾಲು ಕೋಣೆ ಮುಗಿದಿತ್ತು.

ಮನೆಯವರ ಮಗ ಓಡಿಬಂದ. "ಅಕ್ಕಾ, ನಾನು ಹೇಳ್ದೆ ಕಣಕ್ಕಾ. ಮನೇಲಿ ಯಾರೂ ಒಪ್ಲಿಲ್ಲ. ಒಂದ್ ಕೋಣೆ ಮಣ್ಣಿಂದು ಅಂದ್ರೆ ನಾಳೆ ಯಾರೂ ಬಾಡಿಗೆಗೆ ಬರಲ್ಲ ಅಂತಾರೆ. ಅಮ್ಮನಿಗೆ ನಾನೇ ಬಂದು ಹೇಳ್ತೀನಿ."

"ಬರ್ಬೇಡ" ಅಂದೆ. ಬಾಯಿಮಾತಿನ ಕರಾರೂ ಕರಾರೇ, ಸಾಬೀತು ಮಾಡುವುದು ಕಷ್ಟ ಎಂದು ವಕೀಲರು ಹೇಳುತ್ತಾರೆ. ಸಾಕ್ಷಿ ನಾನು ಹೇಳಬಹುದು, ಅವ್ವ ಹೇಳುವುದಿಲ್ಲ.

ಮನೆಗೆ ಬಂದಾಗ ಅವ್ವ ಬಾಗಿಲಲ್ಲೇ ನಿಂತಿದ್ದಳು. ಚಪ್ಪಲಿ ಬಿಡಲೂ ಬಿಡಲಿಲ್ಲ.

"ಹಿಂದಿನ ಕೋಣೆ ನೋಡ್ದಾ? ಕಿಟಕಿ ಯಾವ ಕಡೆ ಇಟ್ಟವ್ನೆ?"

"ಮೂಡ್ಲ ಕಡೆ" ಅಂದೆ. ಅದು ನಿಜವೇ.

"ಹಂಗಾರೆ ಬೆಳಗಿನ ಬೆಳಕು ಬರ್ತತೆ. ಗುಣಿ ಕಿಟಕಿಗೆ ಹತ್ರ ಇರ್ಲಿ, ಗೋಡೆಗೆ ತೀರಾ ಅಂಟ್ಕಂಡಂಗೆ ಬ್ಯಾಡ ಅಂತ ಅವ್ನಿಗೆ ಈಗ್ಲೇ ಹೇಳ್ಬೇಕಿತ್ತು ಕಣೇ. ಹೇಳಿದ್ಯಾ?"

"ಹೇಳಿದೀನವ್ವಾ" ಅಂದೆ.