ದೇವಕ್ಕನ ಎಡಗಡೆಯ ಎದೆ

ಬೈಲಹೊಂಗಲದ ದೇವಕ್ಕ ರೊಟ್ಟಿ ಬಡಿಯಲು ಕುಂತಳೆಂದರೆ ಅವಳ ಎಡಗಡೆಯ ಎದೆ ಕಂಕುಳ ಕಡೆಗೆ ಜಿಗಿಯುತ್ತಿತ್ತು. ಎಡಗೈ ಹಿಟ್ಟಿನ ಮೇಲೆ ಬಿದ್ದಾಗ ಏರುವುದು, ಕೈ ಎತ್ತಿದಾಗ ಇಳಿಯುವುದು. ಸೆರಗಿನೊಳಗೆ ಮೊಲದ ಮರಿ ಸಿಕ್ಕಿಕೊಂಡಂತೆ. ಎದುರಿಗೆ ಕುಂತು ಹಂಚಿನ ಮೇಲೆ ರೊಟ್ಟಿ ಬೇಯಿಸುವ ನೆಗೆಣ್ಣಿ, ಗಂಡನ ಅಣ್ಣನ ಹೆಂಡತಿ ಸೋಮವ್ವನಿಗೆ ಮೊದಮೊದಲು ಅದನ್ನು ಕಂಡು ಗಾಬರಿಯಾಗಿತ್ತು. ಆಮೇಲೆ ಅದೇ ಚೇಷ್ಟೆಯ ಮಾತಾಯಿತು.

"ನಿನ್ನ ಮೊಲಾ ಎದ್ದೈತಿ ನೋಡ," ಅನ್ನುವಳು.

"ಅದಕ್ಕೂ ಒಂದ ರೊಟ್ಟಿ ಹಾಕ ಯಕ್ಕಾ," ಅನ್ನುವಳು ದೇವಕ್ಕ. ಇಬ್ಬರೂ ನಗುವರು. ನಕ್ಕ ಮೇಲೆ ದೇವಕ್ಕ ಸೆರಗು ಬಿಗಿಯಾಗಿ ಹೊದ್ದುಕೊಳ್ಳುವಳು.

ಅದು ಅವಳ ಹುಟ್ಟಿನ ಎದೆ ಅಲ್ಲ. ಮೂರು ವರ್ಷದ ಹಿಂದೆ ಎಡಮೊಲೆಯಲ್ಲಿ ಕಡಲೆಕಾಳಿನಷ್ಟು ಗಂಟು ಕೈಗೆ ಹತ್ತಿತು. ಬೆಳಗಾವಿಯ ದವಾಖಾನೆಯಲ್ಲಿ ತೋರಿಸಿದರೆ ಕ್ಯಾನ್ಸರ್ ಅಂದರು, ಮೊಲೆ ತೆಗೆಯಬೇಕು ಅಂದರು. ತೆಗೆದ ಜಾಗದಲ್ಲಿ ಅದೇ ಹೊತ್ತಿಗೆ ಸಿಲಿಕೋನಿನ ಮೆತ್ತನ್ನ ಚೀಲ ಇಡಲಿಕ್ಕೆ ಬರುತ್ತದೆ, ನಿಮಗೆ ಬೇಕಿದ್ದರೆ ಮಾತ್ರ, ಅಂದರು ಡಾಕ್ಟರಬಾಯಿ. ಗಂಡ ನಿಜಗುಣಪ್ಪ ಎಪಿಎಂಸಿಯಲ್ಲಿ ಅಡತಿ ಅಂಗಡಿ ಇಟ್ಟವನು. ಸಂತೆಯಲ್ಲಿ ನಾಕು ಮಂದಿಯ ಬಾಯಿ ಮುಚ್ಚಿಸುವವನು ಆ ದಿನ ನೆಲ ನೋಡುತ್ತ ನಿಂತ. ದೇವಕ್ಕನೇ "ಇಡ್ರಿ" ಅಂದಳು. ಮಗಳು ಮೀನಾ ಆಗ ರಾಮದುರ್ಗದಲ್ಲಿ ಗಂಡನ ಮನೆಯಲ್ಲಿದ್ದಳು, ಚೊಚ್ಚಲ ಬಸುರಿ. ಅವಳ ಕುಬಸದ, ಅಂದರೆ ಸೀಮಂತದ ದಿನ ಅಷ್ಟು ಹೆಂಗಸರ ನಡುವೆ ಒಂದು ಕಡೆ ಸಪಾಟಾದ ಎದೆ ಹೊತ್ತು ನಿಲ್ಲುವುದು ತಾಯಿಗೆ ಬೇಕಿರಲಿಲ್ಲ.

ಆಪರೇಶನ್ ನೆಟ್ಟಗೇ ಆಯಿತು. ಮೂರು ತಿಂಗಳು ಭಾರ ಎತ್ತಬಾರದು ಅಂದಿದ್ದರು. ದೇವಕ್ಕ ಹೇಳಿದ ಮಾತು ಮೀರುವವಳಲ್ಲ. ಕೊಡ ಎತ್ತಲಿಲ್ಲ, ಹಾಸಿಗೆ ಮಡಚಲಿಲ್ಲ, ನೆರೆಮನೆಯ ಕೂಸನ್ನೂ ಎತ್ತಿಕೊಳ್ಳಲಿಲ್ಲ. ಆದರೆ ಅಷ್ಟರಲ್ಲೇ ಮೀನಾಳ ಕುಬಸ ಬಂತು; ಕುಬಸ ಅಂದರೆ ತವರಿನಿಂದ ಬುತ್ತಿ ಹೋಗಬೇಕಲ್ಲ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ, ಹೋಳಿಗೆ, ಎಲ್ಲ ಬುಟ್ಟಿ ತುಂಬಿ, ಬಿಳೀ ಅರಿವೆ ಕಟ್ಟಿ ಬೀಗರ ಮನೆಗೆ ಒಯ್ಯಬೇಕು. ಆ ರೊಟ್ಟಿ ಹಡೆದವ್ವನ ಕೈಯದೇ ಆಗಬೇಕು.

"ನಾ ಬಡೀತೇನಿ, ನೀ ಸುಮ್ನ ಕೂಡ," ಅಂದಳು ಸೋಮವ್ವ.

"ರೊಟ್ಟಿ ಏನ ಭಾರ ಯಕ್ಕಾ? ಗಾಳಿ ಬಂದ್ರ ಹಾರಿ ಹೋಗತೈತಿ," ಅಂದ ದೇವಕ್ಕ ಎರಡು ದಿನ ರೊಟ್ಟಿ ಬಡಿಯುವ ಹಲಗೆ ಬಿಟ್ಟು ಏಳಲಿಲ್ಲ. ರಾಮದುರ್ಗದ ಬೀಗತಿ ಒಂದು ಚೂರು ಮುರಿದು ಬಾಯಿಗಿಟ್ಟು, "ಹಪ್ಪಳ ಆಗ್ಯಾವ ನೋಡ್ರಿ," ಅಂದಳು. ದೇವಕ್ಕನಿಗೆ ಅಷ್ಟೇ ಬೇಕಿತ್ತು.

ಮುಂದಿನ ಅಮಾಸಿಯ ಹೊತ್ತಿಗೆ ಚೀಲ ಮೇಲಕ್ಕೆ ಸರಿದಿತ್ತು. ಬರಬರುತ್ತ ಗಟ್ಟಿಯಾಯಿತು. ಜಂಪರು ಹೊಲಿಯುವ ಮಂಜುಳಾ ಎಡಕ್ಕೊಂದು ಅಳತೆ, ಬಲಕ್ಕೊಂದು ಅಳತೆ ಹಿಡಿದು ಕತ್ತರಿಸಿದರೂ ಕನ್ನಡಿಯ ಮುಂದೆ ಎರಡೂ ಒಂದಾಗಲಿಲ್ಲ. ಮನೆಯವರೆಲ್ಲ ಕೂಡಿ ಡಾಕ್ಟರಬಾಯಿಯನ್ನು ಬೈದರು.

ಊಟ ಮುಗಿಸಿ ಪಡಸಾಲೆಯಲ್ಲಿ ಅಡ್ಡಾದಾಗ ದೇವಕ್ಕನಿಗೆ ಹಳೆಯ ಮೈ ನೆನಪಾಗುತ್ತಿತ್ತು. ಸಂಗೊಳ್ಳಿಯ ತವರುಮನೆ. ಆಗ ಗುಂಡಿ ಹಚ್ಚಿದ ಜಂಪರು ಎಲ್ಲಿಯದು? ಗುಳೇದಗುಡ್ಡದ ಖಣದ ಕುಬಸ, ಎದೆಯ ಕೆಳಗೆ ಗಂಟು. ಅವಳು ದೊಡ್ಡವಳಾದಾಗ ಅವ್ವ ಮೊದಲನೇ ಕುಬಸ ತೊಡಿಸಿ, ಎರಡೂ ಚುಂಗು ಹಿಡಿದು ಜಗ್ಗಿ, "ಉಸಿರಾಡಾಕ ಬರತೈತೇನ?" ಅಂತ ಕೇಳಿದ್ದಳು. ಬರುವುದಿಲ್ಲ ಅಂದರೆ "ಹಂಗಾರ ಸರಿ ಕುಂತೈತಿ," ಅಂದು ಗಂಟು ಹಾಕಿದಳು. ಹೊಸ ಖಣದ ಗಂಜಿಯ ವಾಸನೆ, ಅಂಚು ಚುಚ್ಚುವುದು. ಮಲಪ್ರಭೆಯ ದಂಡೆಗೆ ಅರಿವೆ ಒಗೆಯಲು ಹೋದಾಗ ಗೆಳತಿಯರು ಒಬ್ಬರನ್ನೊಬ್ಬರು ಕದ್ದು ನೋಡಿ, ಒಬ್ಬರ ಮೇಲೊಬ್ಬರು ನೀರು ಉಗ್ಗುವುದು. ನಾಚಿಕೆಯೂ ಇತ್ತು, ಅದರೊಳಗೇ ಒಂದು ಹೆಮ್ಮೆಯೂ ಇತ್ತು.

ಅದಕ್ಕಿಂತ ಹೆಚ್ಚು ನೆನಪಾಗುವುದು ಬಾಣಂತನ. ಮೀನಾ ಹುಟ್ಟಿದ ಮೇಲೆ ತಿಂಗಳೊಪ್ಪತ್ತಿನಲ್ಲಿ ಸೋಮವ್ವ ಸುಭಾಸನನ್ನು ಹಡೆದಳು. ಜ್ವರ ಬಂದು ಅವಳ ಹಾಲು ಬತ್ತಿತು. ಅಳುವ ಕೂಸನ್ನು ಅತ್ತೆ ತಂದು ದೇವಕ್ಕನ ತೊಡೆಯ ಮೇಲೆ ಮಲಗಿಸಿದಳು. ಬಲಕ್ಕೆ ಮೀನಾ, ಎಡಕ್ಕೆ ಸುಭಾಸ. ಒಂದು ಕುಡಿಯುತ್ತ ಇನ್ನೊಂದರ ಮೂಗು ಹಿಡಿಯುವುದು, ಅದು ಇದರ ಕೂದಲು ಜಗ್ಗುವುದು. ಎಷ್ಟು ಕುಡಿದರೂ ಕುಬಸ ನೆನೆದು ಅಂಟುತ್ತಿತ್ತು. "ಮನ್ಯಾಗ ಎಮ್ಮಿ ಕಟ್ಟೂದು ಉಳೀತು," ಅಂತ ಅತ್ತೆ ಓಣಿಗೆಲ್ಲ ಹೇಳಿಕೊಂಡು ತಿರುಗಿದಳು. ಈಗ ಅಂಗಡಿ ನೋಡಿಕೊಳ್ಳುವ ಸುಭಾಸ, ಆಪರೇಶನ್ ಆದ ದಿನ ಅವಳನ್ನು ನಗಿಸಬೇಕೆಂದು, "ನನ್ನ ಪಾಲಿಂದ ಹೋತಲ್ಲ ಚಿಗವ್ವಾ," ಅಂದವನು ಮಾತು ಮುಗಿಸಲಾಗದೆ ಹೊರಗೆ ಹೋಗಿ ಅತ್ತಿದ್ದ.

ಈ ವರ್ಷ ಗಟ್ಟಿಯಾದ ಎದೆ ನೋಯಲಿಕ್ಕೂ ಹತ್ತಿತು. ನಿಜಗುಣಪ್ಪ ಹೆಂಡತಿಯನ್ನು ಕರೆದುಕೊಂಡು ಮತ್ತೆ ಬೆಳಗಾವಿಗೆ ಹೋದ. ಡಾಕ್ಟರಬಾಯಿ ಮುಟ್ಟಿ ನೋಡಿದರು.

"ಕೈಲೆ ಏನ ಕೆಲಸ ಮಾಡತೀರಿ?"

"ಏನೂ ಇಲ್ರಿ. ಮನಿಕೆಲಸ. ಮುಂಜಾನಿ ಸಂಜಿ ರೊಟ್ಟಿ ಬಡೀತೇನಿ."

"ಹ್ಯಾಂಗ ಬಡೀತೀರಿ, ಇಲ್ಲೇ ಟೇಬಲ್ ಮ್ಯಾಲ ತೋರಸ್ರಿ."

ದೇವಕ್ಕ ಬರಿಯ ಟೇಬಲ್ಲಿನ ಮೇಲೆ ಬಡಿದು, ತಿರುವಿ ತೋರಿಸಿದಳು. ಡಾಕ್ಟರಬಾಯಿ ಅವಳ ಎದೆಯ ಮೇಲೆ ಅಂಗೈ ಇಟ್ಟುಕೊಂಡೇ ಇದ್ದರು. ಚೀಲ ಇಟ್ಟದ್ದು ಎದೆಯ ಮಾಂಸದ ಕೆಳಗೆ; ಬಡಿದಾಗೊಮ್ಮೆ ಆ ಮಾಂಸ ಬಿಗಿದು ಚೀಲವನ್ನು ಮೇಲಕ್ಕೆ ಒತ್ತುತ್ತದೆ; ಗಾಯ ಹಸಿ ಇದ್ದಾಗ ಬಡಿದಿದ್ದರೆ ಅಲ್ಲಿಂದಲೇ ಸರಿದಿರಬೇಕು ಅಂತ ಬಿಡಿಸಿ ಹೇಳಿದರು.

"ಅಂದ್ರ ಮೂರ ವರ್ಷ ನಿಮಗ ಸುಳ್ಳ ಬೈದ್ವಿ ಅನ್ರಿ," ಅಂದ ನಿಜಗುಣಪ್ಪ.

"ರೊಟ್ಟಿ ಬ್ಯಾಡ ಅಂತ ನಾನೂ ಬಾಯಿಬಿಟ್ಟು ಹೇಳಬೇಕಾಗಿತ್ತು," ಅಂದು ಡಾಕ್ಟರಬಾಯಿ ನಕ್ಕರು. ಆಮೇಲೆ ದೇವಕ್ಕನ ಕಡೆ ತಿರುಗಿದರು. "ಹಿಂಗ ಬಿಡಬಹುದು, ಜೀವಕ್ಕೇನೂ ಇಲ್ಲ. ತಗದ ಹಾಕಬಹುದು, ನೋವ ಕಡಿಮಿ ಆಗತೈತಿ, ಎದಿ ಸಪಾಟ ಆಗತೈತಿ. ಇಲ್ಲಾಂದ್ರ ಹೊಸಾದು ತಂದು ಮಾಂಸದ ಮ್ಯಾಲ ಇಡತೇನಿ, ಆಗ ಜಿಗಿಯೂದಿಲ್ಲ. ಆದ್ರ ಮತ್ತ ಗಟ್ಟಿ ಆಗೂದಿಲ್ಲ ಅಂತ ಮಾತ ಕೊಡಾಕ ಬರೂದಿಲ್ಲ. ನಿಮ್ಮ ಮೊದಲಿನ ಎದಿನೂ ಬರೂದಿಲ್ಲ. ಮೂರ ತಿಂಗಳ ರೊಟ್ಟಿ ಅಂತೂ ಬಂದ್. ಮನಿಗೆ ಹೋಗಿ ವಿಚಾರ ಮಾಡ್ರಿ."

ವಿಚಾರ ಮಾಡಲಿಕ್ಕೆ ಮನೆಯಲ್ಲಿ ಎಲ್ಲರೂ ಇದ್ದರು. "ಮತ್ತ ಯಾಕವ್ವಾ ಕೊಯ್ಸಿಕೊಳ್ಳೂದು, ಹಂಗ ಇರ್ಲಿ ಬಿಡು," ಅಂತ ಮೀನಾ ಫೋನಿನಲ್ಲಿ ಅತ್ತಳು. "ನಿನ್ನ ಮೈ, ನೀನ ಹೇಳು," ಅಂದು ನಿಜಗುಣಪ್ಪ ಅಂಗಡಿಗೆ ಹೋದ. ಎಂಟು ದಿನ ಹಾಗೇ ಹೋಯಿತು.

ಒಂದು ಮುಂಜಾನೆ ಒಲೆಯ ಮುಂದೆ ಸೋಮವ್ವ ತಾನಾಗಿ ಮಾತು ತೆಗೆದಳು. "ತಗಸಿ ಒಗದ ಬಿಡ. ಐವತ್ತೈದಾದ್ವು. ಇನ್ಯಾರಿಗೆ ತೋರಸೂದೈತಿ?"

ದೇವಕ್ಕ ಹಿಟ್ಟು ನಾದುವುದನ್ನು ನಿಲ್ಲಿಸಿದಳು.

"ನನಗ ತೋರಸೂದೈತಿ ಯಕ್ಕಾ. ಬಚ್ಚಲದಾಗ ನೀರ ಹಾಕ್ಕೊಳ್ಳುಮುಂದ ಕಣ್ಣ ಮುಚ್ಚತೇನಿ. ಮೂರ ವರ್ಷಾತು. ಹಳೇದ ಬರೂದಿಲ್ಲ, ಗೊತ್ತೈತಿ. ಎರಡೂ ಒಂದ ಸಮ ಇದ್ರ ಸಾಕು, ಕಣ್ಣ ತಗದ ಜಳಕಾ ಮಾಡತೇನಿ."

ಹಂಚಿನ ಮೇಲಿನ ರೊಟ್ಟಿ ಒಂದು ಕಡೆ ಕಪ್ಪಾಯಿತು. ಸೋಮವ್ವ ಅದನ್ನು ತೆಗೆದು ಬದಿಗಿಟ್ಟು, "ಹಂಗಾರ ಏಳು ಆ ಹಲಗಿ ಬಿಟ್ಟು," ಅಂದಳು.

"ಇನ್ನೂ ಕೊಯ್ದಿಲ್ಲಲ್ಲ."

"ನಿನ್ನ ಕೈಗೆ ಸುಮ್ನ ಕುಂದ್ರೂದು ಕಲಸಬೇಕು. ಹ್ವಾದ ಸಲ ನಿನ್ನ ಮಾತ ಕೇಳಿ ಕೆಟ್ಟೆ."

ಇಬ್ಬರೂ ಜಾಗ ಅದಲುಬದಲು ಮಾಡಿಕೊಂಡರು. ಸೋಮವ್ವ ಬಡಿದ ರೊಟ್ಟಿ ನಡುವೆ ದಪ್ಪ, ಅಂಚಿಗೆ ಹರಕು. ದೇವಕ್ಕ ಹಂಚಿನ ಮೇಲೆ ಅದನ್ನು ನೀರು ಸವರಿ ತಿರುವಿ ಹಾಕಿದಳು. ಹರಕು ಕಂಡಾಗೊಮ್ಮೆ ಎಡಗೈ ಮುಂದೆ ಹೋಗುವುದು, ಹಿಂದಕ್ಕೆಳೆದು ತೊಡೆಯ ಕೆಳಗೆ ಇಟ್ಟುಕೊಳ್ಳುವಳು.

ಹೊತ್ತೇರಿ ನಿಜಗುಣಪ್ಪ ಊಟಕ್ಕೆ ಬಂದ. ಮೊದಲನೇ ತುತ್ತಿಗೇ ಅಗಿಯುವುದು ನಿಂತಿತು. "ಇದ್ಯಾರ ಕೈಯಾಂದು?"

"ಉಣ್ಣೋ ಮೈದುನಾ ಸುಮ್ನ," ಅಂದಳು ಸೋಮವ್ವ. "ಮೂರ ತಿಂಗಳ ಇದ ಗತಿ."

ಅವನು ಹೆಂಡತಿಯ ಮುಖ ನೋಡಿದ. ದೇವಕ್ಕ ಹಂಚಿನಿಂದ ಕಣ್ಣು ತೆಗೆಯಲಿಲ್ಲ. ಸೆರಗು ಜಾರಿದ್ದರೂ ಎಳೆದುಕೊಳ್ಳಲಿಲ್ಲ.

"ಹಂಗಾರ ಸೋಮವಾರ ಬೆಳಗಾವಿಗೆ ಹೋಗೂಣು," ಅಂದು ಅವನು ಇನ್ನೊಂದು ರೊಟ್ಟಿ ಹಾಕಿಸಿಕೊಂಡ.