ಹಸಿದ ಕೌದಿ, ಬೊಂಬಾಯಿಯ ಅಂಟುಹತ್ತಿ

ಆದವಾನಿಗೆ ಯಾರಾದರೂ ಹೊರಗಿನಿಂದ ಹತ್ತಿ ಹೊತ್ತು ತರುತ್ತಾರೆಯೇ? ನಮ್ಮ ಕಾಕಿ, ಅಂದರೆ ಅಪ್ಪನ ತಮ್ಮನ ಹೆಂಡತಿ, ತಂದಳು. ಅದೂ ಬೊಂಬಾಯಿಯಿಂದ, ರೈಲಿನಲ್ಲಿ, ಪಕ್ಕದ ಸೀಟಿನ ಮೇಲೆ ಕೂರಿಸಿಕೊಂಡು! ನಮ್ಮಪ್ಪ ಹತ್ತಿ ವ್ಯಾಪಾರಿ. ಸುಗ್ಗಿ ಬಂತೆಂದರೆ ನಮ್ಮ ಅನ್ನದಲ್ಲಿ, ಮೂಗಿನಲ್ಲಿ, ದೇವರ ಜಗಲಿಯ ಮೇಲೆ ಎಲ್ಲೆಲ್ಲೂ ಹತ್ತಿಯ ಎಳೆ. ಅಂಥ ಮನೆಗೆ ಹತ್ತಿ ತಂದವಳನ್ನು ಬಾಗಿಲಲ್ಲೇ ತಡೆಯಬೇಕಿತ್ತು. ಆದರೆ ಬೊಂಬಾಯಿಯವರು ಎಂದರೆ ನಮ್ಮವರ ಬಾಯಿಗೆ ಬೀಗ.

ಎಂಬತ್ತರ ದಶಕದ ಮೊದಲ ವರ್ಷಗಳ ಮಾತು. ನಾನು ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದೆ. ಕೂಸನ್ನು ಎತ್ತಿಕೊಂಡು ಪೆದ್ದಕಡುಬೂರಿಗೆ, ಗಂಡನ ಮನೆಗೆ ಹೊರಡುವಾಗ ತೊಟ್ಟಿಲಿನ ಕೌದಿ ತವರಿನದೇ ಆಗಬೇಕು. ನಮ್ಮ ಮನೆಯಲ್ಲಿ ಹುಟ್ಟಿದ ಕೂಸುಗಳಿಗೆಲ್ಲ ಹಳೆಯ ಸೀರೆ ಜೋಡಿಸಿ ಕೌದಿ ಹೊಲಿದವಳು ಅಪ್ಪನ ತಾಯಿ, ನಮ್ಮಜ್ಜಿ. ಆ ಹೊತ್ತಿಗೆ ಆಕೆಯ ಕಣ್ಣಿಗೆ ಪೊರೆ ಬಂದಿತ್ತು. ಸೂಜಿಯನ್ನು ಹಾಸಿಗೆಯಲ್ಲಿ ಕಳೆಯುತ್ತಾಳೆಂದು ಅವ್ವ ಸೂಜಿದಾರದ ಡಬ್ಬಿಯನ್ನೇ ಬಚ್ಚಿಟ್ಟಿದ್ದಳು.

"ಇದೊಂದು ಹೊಲಿತೀನಿ, ಕೊಡವ್ವಾ. ಮೊಮ್ಮಗಳ ಕೂಸೈತಿ. ಆಮ್ಯಾಲ ಕೈ ಕಟ್ಟಿಗೊಂಡು ಕುಂದರ್ತೀನಿ," ಎಂದು ಅಜ್ಜಿ ದಿನಾ ಗೋಗರೆಯುವಳು. ಅವ್ವ "ನೋಡೋಣ್ರಿ" ಎನ್ನುವಳು. ನಮ್ಮವ್ವನ "ನೋಡೋಣ" ಏನೆಂದು ಮನೆಯ ಬೆಕ್ಕಿಗೂ ಗೊತ್ತಿತ್ತು.

ಕಾಕಿ ತಾನು ತಂದ ಹತ್ತಿಯ ಸುರುಳಿ ಬಿಚ್ಚಿದಳು. "ಎರಡು ಬಟ್ಟಿ ನಡುವ ಇದನ್ನಿಟ್ಟು ಇಸ್ತ್ರಿ ಹಾಕ್ರಿ, ಅಂಟಿಕೊಂತೈತಿ. ಹೊಲಿಗೀನ ಬ್ಯಾಡ!" ಎರಡು ಬಗೆ ಇತ್ತು: ತೆಳ್ಳಗಿದ್ದು ಒಂದೇ ಬದಿ ಅಂಟು ಬಳಿದದ್ದೊಂದು, ದಪ್ಪಗಿದ್ದು ಎರಡೂ ಬದಿ ಅಂಟು ಬಳಿದದ್ದೊಂದು. ಆದವಾನಿಯ ಬಿಸಿಲಿಗೆ, ಅದೂ ಕೂಸಿಗೆ, ತೆಳ್ಳನೆಯದು ಸಾಕು ಎಂದು ಕಾಕಿ ಹೇಳಿದರೂ ಅವ್ವ ದಪ್ಪನೆಯದಕ್ಕೇ ಕೈ ಹಾಕಿದಳು. ಪುಕ್ಕಟೆ ಸಿಕ್ಕಾಗ ತೆಳ್ಳನೆಯದನ್ನು ಯಾರು ಆರಿಸುತ್ತಾರೆ?

ಅಪ್ಪ ಮಾರ್ಕೆಟ್ಟಿನಲ್ಲಿ ಮಾಡುವಂತೆ ಒಂದು ಚಿಟಿಕೆ ಕಿತ್ತು, ಎಳೆ ಎಳೆದು ನೋಡಿ, ಕಡ್ಡಿ ಗೀರಿ ಸುಟ್ಟ. ಬೂದಿಯಾಗುವ ಬದಲು ಅದು ಕರಗಿ ಬೆರಳಿಗೆ ಹತ್ತಿತು. "ಅಯ್ಯಯ್ಯೋ! ಇದೇಮಿ ಪತ್ತಿನವ್ವಾ, ಇದೆಂಥಾ ಹತ್ತಿ, ಸುಟ್ರ ಬೆಲ್ಲದ್ಹಂಗ ಕರಗತೈತಿ!"

"ಬೊಂಬಾಯಿದಲ್ರಿ, ಹಂಗ ಇರತೈತಿ," ಎಂದಳು ಕಾಕಿ. ಅಪ್ಪ ಬೆರಳು ಊದಿಕೊಳ್ಳುತ್ತಾ ಹೊರಗೆ ಹೋದ.

ಗೋಡೆಗೆ ಒರಗಿ ಕೂತಿದ್ದ ಅಜ್ಜಿ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. "ಹಂಗಾರ ಸೂಜೀನೂ ಬ್ಯಾಡ, ನಾನೂ ಬ್ಯಾಡ," ಎಂದಳು. ಅವ್ವ ಹಳೆಯ ಸೀರೆ ಹುಡುಕಲು ಎದ್ದಳು. ಅಜ್ಜಿಯೇ ಮತ್ತೆ ಕೇಳಿದಳು, "ಉಣಿಸೋದಾದ್ರೂ ನಂಗ ಬಿಡ್ರಿ."

ಕೌದಿಗೆ ಉಣಿಸುವುದು ನಮ್ಮಲ್ಲಿ ಪದ್ಧತಿ. ಕೊನೆಯ ಮೂಲೆ ಮುಚ್ಚುವ ಮುಂಚೆ ಒಣರೊಟ್ಟಿಯ ಚೂರೊಂದನ್ನು ಒಳಗಿಡಬೇಕು. ಹಸಿದ ಕೌದಿಯಲ್ಲಿ ಕೂಸನ್ನು ಮಲಗಿಸಬಾರದು. ಅವ್ವ ರೊಟ್ಟಿ ತಂದಳು. ಅಜ್ಜಿ ಮುಟ್ಟಿ ನೋಡಿ ತಳ್ಳಿಬಿಟ್ಟಳು. "ಬೊಂಬಾಯಿ ಕೌದಿಗೆ ಒಣರೊಟ್ಟಿ ಇಳಿತೈತೇನು? ಹೋಳಿಗಿ ಮಾಡ್ರಿ. ತುಪ್ಪ ಮುಂದಾಗಿರ್ಲಿ."

ಹೋಳಿಗೆಯಾಯಿತು. ಸೀರೆಯ ಪದರಗಳ ನಡುವೆ ಹತ್ತಿ ಹರಡಿ, ಅವ್ವ, ಕಾಕಿ ಇಬ್ಬರೂ ಇಸ್ತ್ರಿ ಪೆಟ್ಟಿಗೆಗೆ ಕೆಂಡ ತುಂಬಲು ಹಿತ್ತಲಿಗೆ ಹೋದರು. ನಾನು ಅಲ್ಲೇ ಕೂಸಿಗೆ ಹಾಲೂಡಿಸುತ್ತಿದ್ದೆ. ಅಜ್ಜಿ ಎರಡೂ ಅಂಗೈಗಳನ್ನು ಹೋಳಿಗೆಯ ಜೊತೆಗಿಟ್ಟಿದ್ದ ತುಪ್ಪದಲ್ಲಿ ಅದ್ದಿ, ಪದರದೊಳಗೆ ತೂರಿಸಿ, ಹತ್ತಿಯ ಮೇಲೂ ಕೆಳಗೂ ನಿಧಾನವಾಗಿ ಸವರತೊಡಗಿದಳು. ನಾನು ಬಾಯಿ ತೆರೆದೆ. ನನ್ನತ್ತ ಮುಖ ತಿರುಗಿಸಿ, "ನೀ ಸುಮ್ನ ಕೂಸಿನ್ನ ನೋಡ್ಕೋ," ಎಂದಳು. ಕಣ್ಣು ಕಾಣದವಳಂತೆ, ಕಣ್ಣು!

"ಎಳೀಬ್ಯಾಡ್ರಿ ಅಕ್ಕಾ, ಒತ್ತಿ ಎತ್ರಿ," ಎಂದು ಕಾಕಿ ಹೇಳಿಕೊಟ್ಟಂತೆ ಅವ್ವ ಇಸ್ತ್ರಿ ಒತ್ತಿದಳು, ಎತ್ತಿದಳು. ಮನೆ ತುಂಬ ಹಬ್ಬದ ವಾಸನೆ. ಕೊನೆಗೆ ಇಬ್ಬರೂ ಕೌದಿಯನ್ನು ಹಿಡಿದೆತ್ತಿದರೆ ಸೀರೆ ಒಂದು ಕಡೆ, ಹತ್ತಿ ಒಂದು ಕಡೆ ಜಾರಿಬಿತ್ತು. ಅಂಚು ಮಾತ್ರ ಅಂಟಿತ್ತು.

"ಅತ್ತಿ, ಹೋಳಿಗಿ ಎಲ್ಲೈತ್ರಿ?" ಅವ್ವನ ದನಿ ಏರಿತು.

"ಮೂಲ್ಯಾಗ ಚೂರೈತಿ. ಉಳಿದದ್ದು ನಾ ತಿಂದೆ. ಕೌದಿಗೆ ಹೊಟ್ಟಿ ತುಂಬಿತ್ತು."

ಕಾಕಿ ತಲೆ ಚಚ್ಚಿಕೊಂಡಳು. ಆ ಜಿಡ್ಡಿನ ಮುದ್ದೆಯನ್ನು ಮುಟ್ಟಲು ಯಾರಿಗೂ ಮನಸ್ಸಿಲ್ಲ. ಅವ್ವ ದಡದಡ ಒಳಹೋಗಿ ಸೂಜಿದಾರದ ಡಬ್ಬಿ ತಂದು ಅಜ್ಜಿಯ ಮುಂದೆ ಕುಕ್ಕಿದಳು. "ತುಪ್ಪ ಮೆತ್ತಿದೋರ ಹೊಲೀರಿ!"

ಅಜ್ಜಿಗೆ ಬೇಕಾದದ್ದೂ ಅಷ್ಟೇ. ನಾನು ದಾರ ಪೋಣಿಸಿಕೊಟ್ಟೆ. ಹಿಂದಿನ ಹೊಲಿಗೆಯನ್ನು ಬೆರಳ ತುದಿಯಿಂದ ತಡವಿ, ಅದರ ಮುಂದೆ ಸೂಜಿ ಚುಚ್ಚುತ್ತಾ ಹೋದಳು. ಆಕೆಯ ಮುಖದಲ್ಲಿ ಅಷ್ಟು ಸಂತೋಷ ನೋಡಿ ಎಷ್ಟು ಕಾಲವಾಗಿತ್ತೋ.

ಪೆದ್ದಕಡುಬೂರಿನಲ್ಲಿ ನಮ್ಮತ್ತೆ ನೆರೆಹೊರೆಯವರನ್ನೆಲ್ಲ ಕೂಡಿಸಿ ಕೌದಿ ಬಿಡಿಸಿದಳು. ಮೂಸಿದಳು, ತಿರುವಿದಳು. "ಎತ್ತು ಉಚ್ಚಿ ಹೊಯ್ದಂಗ ಐತಲ್ಲವ್ವಾ ಹೊಲಿಗಿ! ಯಾವ ಕುರುಡಿ ಹೊಲಿದಾಳ ಇದನ್ನ?"

"ನಮ್ಮಜ್ಜಿರಿ," ಅಂದೆ. "ಆಕಿಗೆ ಕಣ್ಣು ಕಾಣಂಗಿಲ್ಲ."

ಅತ್ತೆ ಕೌದಿಯನ್ನು ತಾನೇ ಕೊಡವಿ, ತೊಟ್ಟಿಲಿಗೆ ಹಾಸಿದಳು.