ರೊಟ್ಟಿ ಒಗ್ಗರಣೆಯ ಮೇಲೆ ಹೊರಿಸಿದ ಸಾವು

ಫೋನಿನ ವಿಡಿಯೋದಲ್ಲಿ ಒಬ್ಬಾಕೆ ಬರುತ್ತಾಳೆ. ವಿದ್ಯಾರ್ಥಿಗಳಿಗೆ ಅಗ್ಗದ, ಆರೋಗ್ಯಕರವಾದ, ಸುಲಭದ ಅಡುಗೆ ಎಂದು ನಗುತ್ತಾ ಶುರು ಮಾಡುತ್ತಾಳೆ. ಅವಳ ಹಿಂದೆ ಬಿಳಿ ಕಲ್ಲಿನ ಕಟ್ಟೆ, ಗೋಡೆಯೊಳಗೆ ಕೂರಿಸಿದ ಓವನ್, ಕಿಟಕಿಯಲ್ಲಿ ಹಸಿರು ಗಿಡ. ಮನೆಯಲ್ಲಿ ಹೇಗೂ ಇದ್ದೇ ಇರುತ್ತದೆ ಎಂದು ಹೇಳಿ ಪನೀರು ತೆಗೆಯುತ್ತಾಳೆ, ಓಟ್ಸ್ ತೆಗೆಯುತ್ತಾಳೆ, ಒಂದು ಹಿಡಿ ಬಾದಾಮಿ ತೆಗೆಯುತ್ತಾಳೆ. ನಮ್ಮ ರೂಮಿನಲ್ಲಿ ಹೇಗೂ ಇದ್ದೇ ಇರುತ್ತಿದ್ದುದು ಹಲ್ಲಿ.

ಅಕ್ಕ ಸತ್ತ ಮೇಲೆ ಇಂಥವನ್ನು ಬಹಳ ನೋಡಿದ್ದೇನೆ. ಕಲಿಯಲಿಕ್ಕಲ್ಲ. ಸಿಟ್ಟು ಬರಲಿ ಎಂದು ನೋಡುತ್ತೇನೆ. ಅಳುವುದಕ್ಕಿಂತ ಅದು ಸುಲಭ.

ನಾನು ಹಾವೇರಿಯಲ್ಲಿ ಬಿ.ಎ. ಓದುತ್ತಿದ್ದೆ. ಅಕ್ಕ ರಾಣೆಬೆನ್ನೂರಿನಲ್ಲಿ ಬಿ.ಎಡ್. ಮಾಡುತ್ತಿದ್ದಳು. ಇಬ್ಬರಿಗೂ ಸೇರಿ ಹಾವೇರಿ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಒಂದು ರೂಮು. ಗುತ್ತಲದ ಕಡೆಯ ನಮ್ಮೂರಿನಿಂದ ಅವ್ವ ವಾರಕ್ಕೊಮ್ಮೆ ಬಸ್ಸಿನಲ್ಲಿ ಒಂದು ಗಂಟು ಕಳಿಸುತ್ತಿದ್ದಳು. ಅದರಲ್ಲಿ ಬಿಳಿ ಬಟ್ಟೆಯಲ್ಲಿ ಕಟ್ಟಿದ, ಒಣಗಿಸಿದ ಜೋಳದ ಕಟಕ ರೊಟ್ಟಿ, ಹೆಸರುಕಾಳು, ಶೇಂಗಾ, ಸೊಸೈಟಿ ಅಕ್ಕಿ ಇರುತ್ತಿದ್ದವು. ಉಳಿದ ಕೆಲಸವೆಲ್ಲ ನನ್ನ ಪಾಲು. ಅಕ್ಕ ಬೆಳಿಗ್ಗೆ ಏಳೂವರೆಯ ಬಸ್ಸಿಗೆ ಹೋಗುತ್ತಿದ್ದಳು, ನನ್ನ ಕಾಲೇಜು ಹತ್ತಕ್ಕೆ. ಆದ್ದರಿಂದ ಅಡುಗೆ ನನ್ನದಾಯಿತು. ಐದು ಕಿಲೋದ ಸಿಲಿಂಡರ್, ಒಂದು ಒಲೆ, ಒಂದು ಕುಕ್ಕರ್, ಒಂದು ಬಾಣಲೆ.

ನಾನು ಮಾಡುತ್ತಿದ್ದುದರಲ್ಲಿ ಹೆಚ್ಚು ದಿನ ರೊಟ್ಟಿ ಒಗ್ಗರಣೆಯೇ. ಕಟಕ ರೊಟ್ಟಿಯನ್ನು ಕೈಯಿಂದ ಮುರಿದು, ಮಜ್ಜಿಗೆ ಚಿಮುಕಿಸಿ, ಹತ್ತು ನಿಮಿಷ ಮುಚ್ಚಿಡಬೇಕು. ಹೆಚ್ಚು ಹೊತ್ತು ಬಿಟ್ಟರೆ ಅಂಟಾಗುತ್ತದೆ. ಅಷ್ಟರಲ್ಲಿ ಉಳ್ಳಾಗಡ್ಡಿ, ಕರಿಬೇವು, ಹಿಂದಿನ ದಿನ ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟು ಮೊಳಕೆ ಬರಿಸಿದ ಹೆಸರು, ಕುಟ್ಟಿದ ಶೇಂಗಾ ಇವಿಷ್ಟನ್ನು ಹುರಿದುಕೊಂಡು ರೊಟ್ಟಿ ಹಾಕಿ ತಿರುವಬೇಕು. ಮೇಲೆ ಲಿಂಬೆ. ಪಕ್ಕದಲ್ಲಿ ತೊಳೆದ ಹಸಿ ಮೆಂತ್ಯ. ಸಂತೆಯ ದಿನ ಸಂಜೆ, ವ್ಯಾಪಾರದವರು ಚೀಲ ಝಾಡಿಸುವ ಹೊತ್ತಿಗೆ ಹೋದರೆ ಮೆಂತ್ಯ, ಪುಂಡಿಪಲ್ಯದಂಥ ಸೊಪ್ಪು-ತಪ್ಪಲು ಅರ್ಧ ಪುಕ್ಕಟೆ ಬರುತ್ತದೆ. ಇದನ್ನು ಯಾರೂ ನನಗೆ ಫೋನಿನಲ್ಲಿ ಕಲಿಸಲಿಲ್ಲ.

ಅಕ್ಕ ಸಂಜೆ ಬಸ್ಸಿಳಿದು ಬಂದು ಚಪ್ಪಲಿ ಬಿಡುತ್ತಲೇ ಕೇಳುತ್ತಿದ್ದಳು.

"ಏನ್ಲೇ, ಇವತ್ತೇನು ಸ್ಪೆಷಲ್?"

"ರೊಟ್ಟಿ ಒಗ್ಗರಣಿ."

"ನಿನ್ನಿ ಏನಿತ್ತು?"

"ರೊಟ್ಟಿ, ಕಾಳು ಪಲ್ಯ."

"ನಾಳಿಗೆ?"

"ಕಾಳು, ರೊಟ್ಟಿ ಪಲ್ಯ."

"ತಿರುಗಾಮುರುಗಾ ಮಾಡಿದ್ರ ಹೊಸಾ ಅಡಗಿ ಆಕ್ಕೈತಿ ಅಂತ ಯಾವ ಮಾಸ್ತರ ಹೇಳ್ಯಾನ ನಿನಗ?" ಎಂದು ತಾಟು ತಗೊಂಡು ಕೂಡುತ್ತಿದ್ದಳು. ತಾಟು ಖಾಲಿಯಾಗುವವರೆಗೆ ಆಮೇಲೆ ಮಾತಿಲ್ಲ.

ರಾಣೆಬೆನ್ನೂರಿನಲ್ಲಿ ಅವಳ ಜೊತೆ ಓದುತ್ತಿದ್ದವರು ಮೊದಮೊದಲು ಅವಳ ಡಬ್ಬಿ ನೋಡಿ ಮೂಗು ಮುರಿದರಂತೆ. ಅವರೆಲ್ಲ ಹೋಟೆಲಿನ ಪೂರಿ ತಿನ್ನುವವರು. ತಿಂಗಳು ಕಳೆಯುವುದರಲ್ಲಿ ಅದೇ ಮೂಗಿನವರು ಡಬ್ಬಿಗೆ ಕೈ ಹಾಕಿ ಮುಗಿಸತೊಡಗಿದರು. ಅಕ್ಕ ಹಸಿದು ಮನೆಗೆ ಬರುವಂತಾದಾಗ ನಾನು ಎರಡು ಡಬ್ಬಿ ಕಟ್ಟಿದೆ. ಪೂರಿ ತಿನ್ನುವವರ ಮೇಲೆ ನನಗೆ ಗೌರವ ಹುಟ್ಟಲಿಲ್ಲ. ಆದರೆ ಎರಡನೆಯ ಡಬ್ಬಿ ಕಟ್ಟುವಾಗ ಹಿಗ್ಗು ಇರುತ್ತಿತ್ತು, ಅದು ಸುಳ್ಳಲ್ಲ.

ಹೋದ ವರ್ಷ ಮಳೆ ಶುರುವಾದ ಮೇಲೆ ಅಕ್ಕನಿಗೆ ಜ್ವರ ಬಂತು. ಮೂರನೆಯ ದಿನ ಡೆಂಗಿ ಎಂದರು. ದೊಡ್ಡ ಆಸ್ಪತ್ರೆಗೆ ಒಯ್ದೆವು. ನೋಡಲು ಬಂದ ನೆಂಟರೆಲ್ಲರ ಕೈಯಲ್ಲೂ ಕಿವಿ ಹಣ್ಣು. ಹುಟ್ಟಿದಾಗಿನಿಂದ ಕಿವಿ ಹಣ್ಣು ಕಾಣದವರು ಅದರ ಗುಣಗಾನ ಮಾಡುತ್ತಾ ಕುಂತರು. ಒಬ್ಬಾತ ಪಪ್ಪಾಯಿ ಎಲೆಯ ರಸವನ್ನು ತಂಪುಪಾನೀಯದ ಬಾಟಲಿಯಲ್ಲಿ ತಂದಿದ್ದ. ಕುಡಿದ ನೀರನ್ನೇ ಹೊಟ್ಟೆಯಲ್ಲಿ ಉಳಿಸಿಕೊಳ್ಳದವಳಿಗೆ ಅದನ್ನು ಕುಡಿಸು ಎಂದು ನನಗೆ ಅಪ್ಪಣೆ. ಮಂಚದ ಕೆಳಗೆ ಹಣ್ಣಿನ ಡಬ್ಬಿಗಳು ಸಾಲುಗಟ್ಟಿದವು. ಅಕ್ಕ ಆರನೆಯ ದಿನ ಹೋದಳು. ಆ ಹಣ್ಣುಗಳನ್ನು ತಂದವರೇ ವಾಪಸ್ ಒಯ್ದರು.

ಊರ ಮನೆಯಲ್ಲಿ ಸೂತಕ, ಒಲೆ ಹಚ್ಚುವ ಹಾಗಿರಲಿಲ್ಲ. ದಿನಾ ಒಬ್ಬೊಬ್ಬರ ಮನೆಯಿಂದ ಪಾತ್ರೆ ಬರುತ್ತಿತ್ತು. ಉಣ್ಣುತ್ತಾ ಜನ ಕಾರಣ ಹುಡುಕಿದರು. ಸೊಳ್ಳೆ ಕಚ್ಚಿ ಸತ್ತಳು ಎನ್ನುವುದು ಯಾರಿಗೂ ರುಚಿಸಲಿಲ್ಲ. ಅಷ್ಟು ಸಣ್ಣ ಹುಳ, ಅಷ್ಟು ಓದಿದ ಹುಡುಗಿ. ಬ್ಯಾಡಗಿಯಿಂದ ಬಂದ ಅತ್ತೆಗೆ, ಎಂದರೆ ಅಪ್ಪನ ತಂಗಿಗೆ, ಒಂದು ಕಾರಣ ಸಿಕ್ಕಿತು.

"ಏನ್ ತಿನ್ನತಿದ್ವೋ ಏನೋ ಆ ರೂಮಿನ್ಯಾಗ," ಎಂದಳು, ಎಲ್ಲರಿಗೂ ಕೇಳುವಷ್ಟೇ ಸಣ್ಣ ದನಿಯಲ್ಲಿ. "ತಂಗಳ ರೊಟ್ಟಿ, ಸಂತ್ಯಾಗ ಉಳಿದ ತಪ್ಪಲಾ. ಅಂಥಾದ್ದು ತಿಂದ್ರ ಮೈಯಾಗ ರಕ್ತ ಎಲ್ಲಿಂದ ಬರ್ತೈತಿ? ಜ್ವರ ತಡಕೊಳ್ಳೂ ಶಕ್ತಿ ಬ್ಯಾಡೇನು?"

ಅತ್ತೆಯ ಗಂಡನದು ಮೆಣಸಿನಕಾಯಿ ವ್ಯಾಪಾರ. ನಾವು ರೂಮು ಮಾಡಿದಾಗ ಅವಳು ಕೊಟ್ಟ ಉಡುಗೊರೆ ಬಣ್ಣ ಹಾರಿ ಬೆಳ್ಳಗಾದ, ಯಾರೂ ಕೊಳ್ಳದ ಕಾಯಿಯ ಒಂದು ಚೀಲ. ಹುಡುಗಿಯರಿಗೆ ಸಾಕು ಎಂದಿದ್ದಳು. ಈಗ ಅವಳೇ ನಮ್ಮ ಮೈಯ ರಕ್ತದ ಲೆಕ್ಕ ಹೇಳುತ್ತಿದ್ದಳು. ಸುತ್ತ ಕುಂತವರು ತಲೆ ಆಡಿಸಿದರು. ಬಾಯಲ್ಲಿ ತುತ್ತಿದ್ದುದರಿಂದ ಮಾತಾಡಲಿಲ್ಲ.

ಅಪ್ಪ ಮೂಲೆಯಲ್ಲಿ ಕೇಳುತ್ತಾ ಕುಂತಿದ್ದ. ನನ್ನನ್ನು ಕೊರೆದದ್ದು ಅತ್ತೆಯ ಮಾತಲ್ಲ, ಅಪ್ಪ ಅದಕ್ಕೆ ಇಲ್ಲ ಎನ್ನದೆ ಕುಂತದ್ದು.

ಹನ್ನೊಂದನೆಯ ದಿನ ಎಡೆ. ಸತ್ತವರಿಗೆ ಇಷ್ಟವಾದುದನ್ನೆಲ್ಲ ಮಾಡಿ ಫೋಟೋದ ಮುಂದೆ ಬಾಳೆ ಎಲೆಯಲ್ಲಿ ಇಡುವುದು ನಮ್ಮಲ್ಲಿಯ ರೂಢಿ. ಇಡುವವರು ತಮಗೆ ಇಷ್ಟವಾದುದನ್ನು ಇಡುವುದೂ ರೂಢಿಯೇ. ಹೋಳಿಗೆ ಬಂತು, ಬಜಿ ಬಂತು, ಬೂಂದಿ ಬಂತು. ಅತ್ತೆ ಒಂದು ಕ್ರೀಮ್ ಬಿಸ್ಕೀಟಿನ ಪೊಟ್ಟಣ ಬಿಚ್ಚಿ ಜೋಡಿಸಿದಳು. ಅಕ್ಕ ಆ ಬಿಸ್ಕೀಟಿನ ಕ್ರೀಮನ್ನು ಉಗುರಿನಿಂದ ಕೆರೆದು ತೆಗೆದು ಆಮೇಲೆ ತಿನ್ನುವವಳು. ಸಾಬೂನು ತಿಂದಂಗ ಆಕ್ಕೈತಿ ಎನ್ನುವವಳು. ಅವಳ ಫೋಟೋ ಆ ಸಾಬೂನಿನ ಮುಂದೆ ಸುಮ್ಮನೆ ಇತ್ತು.

ನಾನು ಹಿತ್ತಲ ಒಲೆಯ ಮೇಲೆ ರೊಟ್ಟಿ ಒಗ್ಗರಣೆ ಮಾಡಿದೆ. ಒಂದು ಸಣ್ಣ ತಾಟಿನಲ್ಲಿ ಹಾಕಿ, ಮೇಲೆ ಲಿಂಬೆ ಹಿಂಡಿ ತಂದೆ. ಎಲೆಯ ಹತ್ತಿರ ಬಗ್ಗುವುದರಲ್ಲಿ ಅತ್ತೆ ಕೈ ಅಡ್ಡ ಹಿಡಿದಳು.

"ಅದನ್ನ ತಿನಿಸಿ ತಿನಿಸಿ ಹುಡುಗಿನ್ನ ಮಣ್ಣಿಗೆ ಕಳಿಸಿದಿ. ಸತ್ತ ಮ್ಯಾಲೂ ಅದನ್ನ ಉಣ್ಣಬೇಕೇನವಾ ಆಕಿ?"

ಮನೆ ತುಂಬ ಜನ ಇದ್ದರು. ಅವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅಪ್ಪ ಊದಿನಕಡ್ಡಿ ಹಚ್ಚುತ್ತಿದ್ದ, ಹಚ್ಚುತ್ತಲೇ ಇದ್ದ. ನಾನು ತಾಟನ್ನು ತಿರುಗಿ ಒಯ್ದು ಎಮ್ಮೆಯ ಮುಂದೆ ಸುರಿದೆ. ಅತ್ತೆಯನ್ನು ನಾನು ಕೀಳಾಗಿ ಕಾಣುತ್ತೇನೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಆ ದಿನ ತಾಟು ಹಿಡಿದು ಹಿತ್ತಲಿಗೆ ನಡೆದವಳಿದ್ದಾಳಲ್ಲ, ಅವಳನ್ನು ಕಂಡಷ್ಟು ಕೀಳಾಗಿ ಅತ್ತೆಯನ್ನೂ ಕಂಡಿಲ್ಲ.

ಕಾರ್ಯ ಮುಗಿದ ಮೇಲೆ ಅಪ್ಪ ರೂಮು ಬಿಡು ಎಂದ. ಕೊನೆಯ ಪರೀಕ್ಷೆಗೆ ಇನ್ನೂ ಐದು ತಿಂಗಳಿತ್ತು. ನಮ್ಮೂರಿನಿಂದ ಮೊದಲ ಬಸ್ಸು ಹಾವೇರಿ ಮುಟ್ಟುವಷ್ಟರಲ್ಲಿ ಎರಡು ಪಿರಿಯಡ್ ಮುಗಿದಿರುತ್ತವೆ. ಊಟ ವಸತಿಯ ಪಿ.ಜಿ.ಗೆ ಸೇರಿಸುವ ಶಕ್ತಿ ಆಸ್ಪತ್ರೆಯ ನಂತರ ನಮ್ಮ ಮನೆಗೆ ಉಳಿದಿರಲಿಲ್ಲ. ರೂಮು ಬಿಡುವುದೆಂದರೆ ಓದು ಬಿಡುವುದು. ಅದಕ್ಕಿಂತ ಹೆಚ್ಚಾಗಿ, ರೂಮು ಬಿಟ್ಟರೆ ಅತ್ತೆಯ ಮಾತು ಖರೇ ಎಂದು ನಾನೇ ಒಪ್ಪಿದಂತೆ.

"ಒಂದು ತಿಂಗಳಾದ್ರೂ ಇರ್ತೇನಿ, ಅಪ್ಪಾ."

"ಅಡಗಿ?"

"ನಾನಽ ಮಾಡ್ಕೋತೇನಿ."

ಅವನು ಎದ್ದು ನಿಂತ. "ತಿಂಗಳಾಗಲಿ. ನಾ ಬಂದು ನೋಡ್ತೇನಿ," ಎಂದ. ಯಾವಾಗ ಎಂದು ಹೇಳಲಿಲ್ಲ.

ಒಬ್ಬಳಿಗಾಗಿ ಅಡುಗೆ ಮಾಡುವುದು ಎಷ್ಟು ಕೆಟ್ಟ ಕೆಲಸ ಎಂದು ಆ ಬಿಳಿ ಕಲ್ಲಿನ ಕಟ್ಟೆಯಾಕೆ ಹೇಳುವುದಿಲ್ಲ. ಒಂದು ಹಿಡಿ ಹೆಸರಿಗೆ ಎಷ್ಟು ನೀರು ಎಂಬುದು ಕೈಗೆ ಮರೆತುಹೋಗಿತ್ತು, ಯಾವಾಗಲೂ ಎರಡು ಹಿಡಿ ಬೀಳುತ್ತಿತ್ತು. ಓಣಿಯ ಹೆಂಗಸರು ಕಿಟಕಿಯಿಂದ ಬಗ್ಗಿ ನೋಡಿ, "ಒಂದೀಟು ತುಪ್ಪ ಹಾಕ್ಕೊಳ್ಳವಾ, ಖಜೂರ ತಿನ್ನವಾ," ಎಂದು ಬುದ್ಧಿ ಹೇಳಿ ಹೋಗುತ್ತಿದ್ದರು. ತುಪ್ಪವನ್ನಾಗಲಿ ಖಜೂರವನ್ನಾಗಲಿ ಯಾರೂ ತಂದುಕೊಡಲಿಲ್ಲ. ಬುದ್ಧಿ ಮಾತ್ರ ಆ ಓಣಿಯಲ್ಲಿ ಪುಕ್ಕಟೆ. ನಾನು ಸರಿಯಾಗಿಯೇ ಉಂಡೆ. ಹಟಕ್ಕೆ ಬಿದ್ದು, ತಾಟಿನಲ್ಲಿ ಕಾಳು, ತಪ್ಪಲು, ಶೇಂಗಾ ಎಲ್ಲವೂ ಇರುವಂತೆ ಉಂಡೆ. ಸಾಕ್ಷಿ ಹೇಳಲು ಹೊರಟವಳ ಹಾಗೆ.

ಅಪ್ಪ ಒಂದು ಮಧ್ಯಾಹ್ನ ಬಂದ. ಹೆಗಲ ಮೇಲೆ ಟವೆಲ್, ಕೈಯಲ್ಲಿ ಅವ್ವನ ಗಂಟು. ಒಳಗೆ ಬಂದವನೇ ಕುಕ್ಕರಿನ ಮುಚ್ಚಳ ತೆಗೆದು ನೋಡಿದ. ಕಾಳಿನ ಡಬ್ಬಿಯಲ್ಲಿ ಕೈ ಆಡಿಸಿದ, ಹುಳ ಬಿದ್ದಿವೆಯೋ ಎಂದು. ಡಬ್ಬಿಗಳನ್ನು ಒಂದೊಂದಾಗಿ ತೆರೆದು ಮೂಸಿದ. ಪೊಲೀಸರು ಮನೆ ಹುಡುಕುವಾಗ ಹೀಗೆಯೇ ಇರಬಹುದು. ನಾನು ಗೋಡೆಗೆ ಒರಗಿ ನಿಂತೆ. ಕುಡಿಯುವ ನೀರಿನ ಕೊಡ ಬಗ್ಗಿಸಿ ನೋಡಿ, "ಬಳಸೂ ನೀರು ಎಲ್ಲಿಂದ ತರ್ತಿ?" ಎಂದ.

"ಮೆಟ್ಟಿಲ ಕೆಳಗ ಬ್ಯಾರಲ್ ಐತಿ. ಮಾಲಕರದು."

ಹೊರಗೆ ಹೋದ. ಮೆಟ್ಟಿಲ ಕೆಳಗೆ ಕತ್ತಲಿತ್ತು. ಫೋನಿನ ಟಾರ್ಚ್ ಹಚ್ಚಿ ನೀಲಿ ಬ್ಯಾರಲ್ಲಿನೊಳಗೆ ಹಿಡಿದ. ನೀರಿನಲ್ಲಿ ಸೊಳ್ಳೆಯ ಮರಿಹುಳಗಳು ದಾರದ ಎಳೆಯ ಹಾಗೆ ಬಾಗಿ ಬಾಗಿ ಮೇಲೆ ಕೆಳಗೆ ಆಡುತ್ತಿದ್ದವು. ನೂರಾರು. ಅಪ್ಪ ಬಹಳ ಹೊತ್ತು ನೋಡಿದ. ಕಾರಣ ಹುಡುಕುತ್ತಾ ನಮ್ಮ ಮನೆಯಲ್ಲಿ ಹನ್ನೊಂದು ದಿನ ಉಂಡ ಅಷ್ಟು ಜನರಲ್ಲಿ ಒಬ್ಬರೂ ಇಲ್ಲಿಯವರೆಗೆ ಬಂದು ಬಗ್ಗಿರಲಿಲ್ಲ. ಆಸ್ಪತ್ರೆಯಲ್ಲಿ ಡಾಕ್ಟರು ನಿಂತ ನೀರು ಎಂದು ಎರಡು ಸಲ ಹೇಳಿದ್ದರೂ.

ಅಪ್ಪ ಬ್ಯಾರಲ್ಲಿಗೆ ಎರಡೂ ಕೈ ಕೊಟ್ಟು ಉರುಳಿಸಿದ. ನೀರು ಅಂಗಳದ ತುಂಬ ಹರಿಯಿತು. ಮಾಲಕಿ ಮೇಲಿನಿಂದ ಇಣುಕಿದಳು.

"ಯಾಕ್ರೀ, ನೀರು ನಿಮ್ಮಪ್ಪಂದೇನು? ನಾಕು ದಿನಕ್ಕೊಮ್ಮಿ ನಳ ಬರ್ತಾವ ಇಲ್ಲಿ."

"ಬಂದು ನೋಡ್ರಿ ಇದರಾಗ ಏನೈತಿ ಅಂತ," ಎಂದ ಅಪ್ಪ, ದನಿ ಏರಿಸದೆ. "ನನ್ನ ಮಗಳು ಇಲ್ಲೇ ಇದ್ದಳ್ರಿ."

ಮಾಲಕಿ ತಲೆ ಒಳಗೆ ಎಳಕೊಂಡಳು.

ಅಪ್ಪ ಕೈ ತೊಳೆದುಕೊಂಡು ಒಳಗೆ ಬಂದು ಚಾಪೆಯ ಮೇಲೆ ಕುಂತ. ನನ್ನ ಕಡೆ ನೋಡದೆ ಕೇಳಿದ.

"ನಿನಗ ಕಂಡಿದ್ದಿಲ್ಲೇನು?"

ಸುಳ್ಳು ಹೇಳಬಹುದಿತ್ತು. ಕತ್ತಲಿತ್ತು ಎನ್ನಬಹುದಿತ್ತು.

"ಕಂಡಿದ್ವು. ಅರಿವಿ ಒಗಿಯೂ ನೀರಲ್ಲಾ ಅಂತ ಬಿಟ್ಟಿದ್ದೆ."

ಹೆಸರಿಗೆ ಮೊಳಕೆ ಬರಿಸಲು ಬಟ್ಟೆಯನ್ನು ಮೂರು ಸಲ ತೊಳೆಯುವವಳು, ಮೆಂತ್ಯದ ಒಂದೊಂದು ಎಲೆಯನ್ನು ತಿರುವಿ ನೋಡುವವಳು, ಆ ಬ್ಯಾರಲ್ಲಿನಿಂದ ದಿನಾ ಬಕೀಟು ಎತ್ತಿದ್ದೆ. ಹುಳ ಕಂಡರೆ ಚೆಲ್ಲಿ ಇನ್ನೊಂದು ಸಲ ಎತ್ತುತ್ತಿದ್ದೆ. ಅಡುಗೆಯಲ್ಲಿ ನನ್ನ ತಪ್ಪಿಲ್ಲ ಎಂದು ತೋರಿಸಲು ತಿಂಗಳಿಡೀ ಹಲ್ಲು ಕಚ್ಚಿ ನಿಂತಿದ್ದೆ. ತಪ್ಪು ಅಡುಗೆಯಲ್ಲಿ ಇರಲೂ ಇಲ್ಲ. ಇದ್ದುದು ಅಡುಗೆಯಿಂದ ಎಂಟು ಹೆಜ್ಜೆ ಆಚೆ.

ಅಪ್ಪ ಏನಾದರೂ ಅನ್ನುತ್ತಾನೆ ಎಂದು ಕಾದೆ. ಅವನು ತಾಟನ್ನು ಮುಂದೆ ಎಳೆದುಕೊಂಡ.

"ಹಾಕು. ಹಸದೇನಿ."

ಇದ್ದುದು ರೊಟ್ಟಿ ಒಗ್ಗರಣೆ. ಹಾಕಿದೆ. ಅವನು ಮೊದಲ ತುತ್ತನ್ನು ನಿಧಾನ ಅಗಿದ. ಎರಡನೆಯದನ್ನೂ. ಉಂಡು ಮುಗಿಸಿ ತಾಟನ್ನು ಮತ್ತೆ ಚಾಚಿದ. ಅಷ್ಟರಲ್ಲಿ ಅವನ ಫೋನು ರಿಂಗಾಯಿತು. ಅತ್ತೆ. ಅವಳ ದನಿ ನನಗೂ ಕೇಳುತ್ತಿತ್ತು.

"ಅಣ್ಣಾ, ಎಲ್ಲಿ ಅದಿ? ಹುಡುಗಿನ್ನ ಕರಕೊಂಡು ಬಂದ್ಯೋ ಇಲ್ಲೋ?"

"ಉಣ್ಣಾಕತ್ತೇನಿ, ತಂಗಿ. ರೂಮಿನ್ಯಾಗ."

"ಏನ್ ಮಾಡ್ಯಾಳ? ಅದನ್ನಽ?"

"ಹೌದು, ಅದನ್ನಽ. ಎರಡನೇ ಸಲ ಹಾಕಿಸ್ಕೊಂಡೇನಿ. ಆಕಿ ಪರೀಕ್ಷಿ ಮುಗಿಸ್ಕೊಂಡು ಬರ್ತಾಳ. ಇನ್ನ ಆ ಮಾತು ಆಡಬ್ಯಾಡ ನೀ, ಎಡಿ ಮುಂದನೂ ಆಡಬಾರದಾಗಿತ್ತು."

"ಮತ್ತ ಯಾತರಿಂದ ಆತು ಅಂತೀ ನೀ?" ಎಂದು ಅತ್ತೆ ಕೇಳಿದಳು. ಸೋತರೂ ಕಾರಣ ಬೇಕು ಅವಳಿಗೆ.

ಅಪ್ಪ ನನ್ನ ಮುಖ ನೋಡಿದ. "ಸೊಳ್ಳಿ ಕಡದು ಆತು. ಡಾಕ್ಟರು ಹೇಳಿದ್ರಲ್ಲ," ಎಂದು ಫೋನು ಇಟ್ಟ.

ಬ್ಯಾರಲ್ಲಿನ ಮಾತನ್ನು ಅವನು ಅತ್ತೆಗೆ ಹೇಳಲಿಲ್ಲ. ಅವ್ವನಿಗೂ ಹೇಳಿಲ್ಲ. ನನ್ನ ಪರೀಕ್ಷೆ ಮುಗಿಯಿತು, ಪಾಸಾದೆ, ಈವರೆಗೆ ಒಮ್ಮೆಯೂ ಅವನ ಬಾಯಲ್ಲಿ ಅದು ಬಂದಿಲ್ಲ. ಇದನ್ನು ಓದಿದರೆ ಅತ್ತೆಗೆ ತಿಳಿಯುತ್ತದೆ. ತಿಳಿಯಲಿ. ಆಡಿಕೊಳ್ಳುವುದಾದರೆ ಈ ಸಲ ನಿಜವಾದುದನ್ನು ಆಡಿಕೊಳ್ಳಲಿ.